ಬೂತಾಯಿಯ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ತಿಂದ ಎಣ್ಣೆ, ತುಪ್ಪ, ಮೀನಿನ ಜಿಡ್ಡು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಹೃದಯ, ಸ್ನಾಯು, ಮಿದುಳಿಗೆ ಸೇರಬೇಕಾದರೆ ಈ ತೊಡಕನ್ನು ಪ್ರತಿ ಹೆಜ್ಜೆಗೂ ಬಿಡಿಸಿಕೊಳ್ಳಬೇಕು. ಆ ಕೆಲಸ ಕಿಣ್ವಗಳದ್ದು. ಕಿಣ್ವವೆಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ, ತಾನು ಖರ್ಚಾಗದೆ ಉಳಿಯುವ ಪ್ರೋಟೀನು. ಕೊಬ್ಬಿನ ಒಂದು ಅಣುವಿನಲ್ಲಿ ಗ್ಲಿಸರಾಲ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಅದಕ್ಕೇ ಅದರ ಹೆಸರು ಟ್ರೈಗ್ಲಿಸರೈಡ್. ಕೊಬ್ಬಿನಲ್ಲಿ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಿವೆಯೆಂದು ಸಾಬೂನು ಕಾಯಿಸುವ ಕ್ರಿಯೆಯ ಮೂಲಕ ಬಿಡಿಸಿ ತೋರಿಸಿದವರು ಫ್ರಾನ್ಸಿನ ಮಿಶೆಲ್ ಶೆವ್ರೆಲ್. ಅವರ ಗ್ರಂಥ ಹೊರಬಂದದ್ದು 1823ರಲ್ಲಿ. ಗ್ಲಿಸರಾಲ್‌ನಿಂದ ಕೊಬ್ಬಿನಾಮ್ಲವನ್ನು ಕತ್ತರಿಸುವ ಕಿಣ್ವಕ್ಕೆ ಲೈಪೇಸ್ ಎಂದು ಹೆಸರು. ಲೈಪೇಸ್ ಒಂದಲ್ಲ, ಹತ್ತಾರು ಇವೆ. ಗಿಡದಲ್ಲಿ, ಬೂಷ್ಟಿನಲ್ಲಿ, ಮೀನಿನಲ್ಲಿ, ಹಾವಿನ ವಿಷದಲ್ಲಿ, ತಾಯಿಯ ಎದೆಹಾಲಿನಲ್ಲಿ ಒಂದೇ ಕಸುಬಿನ ಬೇರೆ ಬೇರೆ ಕೈಗಳು ದುಡಿಯುತ್ತಿರುತ್ತವೆ.

ಮಂಗಳೂರು ನಗರದ ಉತ್ತರದ ಅಂಚಿನಲ್ಲಿರುವ ಕಾಟಿಪಳ್ಳದ ಒಂದು ಮಧ್ಯಾಹ್ನದ ಊಟವನ್ನೇ ತೆಗೆದುಕೊಂಡರೆ ಈ ಕೈಗಳ ಕೆಲಸ ಬಟ್ಟಲಿನಿಂದಲೇ ಕಾಣಿಸುತ್ತದೆ. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಸುತ್ತ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಇಂದಿಗೂ ಅಲ್ಲಿನ ವಿಳಾಸಗಳು ಬ್ಲಾಕ್‌ಗಳ ಲೆಕ್ಕದಲ್ಲಿವೆ. ಮನೆಯ ಮಾತು ತುಳುವಾಗಲಿ ಬ್ಯಾರಿಯಾಗಲಿ, ತಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಒಂದೇ: ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು, ಸಿಕ್ಕ ದಿನ ಬೂತಾಯಿ ಮೀನು.

ಕುಚ್ಚಲಕ್ಕಿಯಿಂದಲೇ ಶುರುಮಾಡಬಹುದು. ಭತ್ತದ ಹೊರಪದರದಲ್ಲಿ ಎಣ್ಣೆಯೂ ಇದೆ, ಲೈಪೇಸೂ ಇದೆ. ಕಾಳು ಇಡಿಯಾಗಿರುವಷ್ಟು ದಿನ ಎರಡೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಮಿಲ್ಲಿನಲ್ಲಿ ತೌಡು ಬೇರ್ಪಟ್ಟ ಕೂಡಲೇ ಎರಡೂ ಒಂದಕ್ಕೊಂದು ತಾಗುತ್ತವೆ. ಬೆಳ್ತಿಗೆ ಅಕ್ಕಿಯ ತೌಡು ಕೆಲವೇ ಗಂಟೆಗಳಲ್ಲಿ ಹುಳಿಯತೊಡಗಿ ಒಂದೆರಡು ದಿನದಲ್ಲಿ ಕಮಟು ವಾಸನೆ ಬರುವುದು ಇದರಿಂದ. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿದರೆ ಆ ಬಿಸಿಗೆ ಲೈಪೇಸ್ ಸತ್ತುಹೋಗುತ್ತದೆ. ಹಾಗಾಗಿ ಕುಚ್ಚಲಕ್ಕಿಯ ತೌಡು ಬೇಗ ಕೆಡುವುದಿಲ್ಲ, ಎಣ್ಣೆ ತೆಗೆಯುವವರಿಗೆ ಅದೇ ಮೆಚ್ಚು. ಭತ್ತ ಬೇಯಿಸುವ ಈ ವಿದ್ಯೆಯನ್ನು ವಿಜ್ಞಾನದ ಕಣ್ಣಿನಿಂದ ಬಹುಕಾಲ ಪರಿಶೀಲಿಸಿದ ಸಂಸ್ಥೆ 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಕೇಂದ್ರ ಸಿಎಫ್‌ಟಿಆರ್‌ಐ. ಕಿಣ್ವವೆಂಬ ಪದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಕರಾವಳಿಯ ಹೆಂಗಸರು ಹಂಡೆಯಲ್ಲಿ ಭತ್ತ ಬೇಯಿಸಿ ಲೈಪೇಸನ್ನು ಹದ್ದುಬಸ್ತಿನಲ್ಲಿಟ್ಟಿದ್ದರು ಎಂಬುದು ಸಣ್ಣ ಮಾತಲ್ಲ.

ಇದೇ ಕಥೆ ಬಂದರಿನಲ್ಲೂ ಇದೆ. ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುವ ಕಚ್ಚಾ ತಾಳೆ ಎಣ್ಣೆ ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಶುದ್ಧೀಕರಣಗೊಳ್ಳುತ್ತದೆ. ತಾಳೆಹಣ್ಣಿನ ತಿರುಳಿನಲ್ಲಿ ಬಹಳ ಚುರುಕಾದ ಲೈಪೇಸ್ ಇದೆ. ಹಣ್ಣು ಜಜ್ಜಿದ ಗಳಿಗೆಯಿಂದ ಅದು ಕೊಬ್ಬನ್ನು ಕತ್ತರಿಸತೊಡಗುತ್ತದೆ. ಮಲೇಷ್ಯಾ, ಇಂಡೋನೇಷ್ಯಾಗಳ ಮಿಲ್ಲುಗಳಲ್ಲಿ ಕೊಯ್ದ ಗೊನೆಯನ್ನು ಆದಷ್ಟು ಬೇಗ ಆವಿಯಲ್ಲಿ ಬೇಯಿಸುವುದು ಅದನ್ನು ತಡೆಯಲಿಕ್ಕೆ. ತಡವಾದಷ್ಟೂ ಬಿಡಿ ಕೊಬ್ಬಿನಾಮ್ಲ ಹೆಚ್ಚುತ್ತದೆ, ಎಣ್ಣೆಯ ಬೆಲೆ ಇಳಿಯುತ್ತದೆ. ವ್ಯಾಪಾರದಲ್ಲಿ ಈ ಆಮ್ಲದ ಪ್ರಮಾಣಕ್ಕೆ ಸಾಮಾನ್ಯವಾಗಿ ನೂರಕ್ಕೆ 5ರ ಮಿತಿ ಇರುತ್ತದೆ. ಸರಿಯಾಗಿ ಒಣಗದ ಕೊಬ್ಬರಿಗೆ ಬೂಷ್ಟು ಹಿಡಿದರೆ ಬೂಷ್ಟಿನ ಲೈಪೇಸೂ ಇದನ್ನೇ ಮಾಡುತ್ತದೆ. ಅಂಥ ಕೊಬ್ಬರಿಯ ಎಣ್ಣೆ ನಾಲಿಗೆಗೆ ಸಾಬೂನಿನಂತೆ ತಾಗುತ್ತದೆ.

ಬೂತಾಯಿ ಮಳೆಗಾಲ ಮುಗಿಯುತ್ತಿದ್ದಂತೆ ಕೊಬ್ಬಿ ಬರುತ್ತದೆ; ಕಾವಲಿಯ ಮೇಲಿಟ್ಟರೆ ತನ್ನದೇ ಎಣ್ಣೆಯಲ್ಲಿ ಬೇಯುವಷ್ಟು. ಅಷ್ಟು ಕೊಬ್ಬಿರುವುದರಿಂದಲೇ ಅದು ಬಂಗುಡೆಗಿಂತ ಬೇಗ ಹಾಳಾಗುತ್ತದೆ. ಮೀನು ಸತ್ತ ಮೇಲೂ ಅದರ ಕರುಳಿನ, ಮಾಂಸದ ಲೈಪೇಸುಗಳು ದುಡಿಯುತ್ತಲೇ ಇರುತ್ತವೆ. ಮಂಜುಗಡ್ಡೆ ಅವುಗಳ ವೇಗ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತಲ ಕೋಣೆಯಲ್ಲೂ ತಿಂಗಳುಗಟ್ಟಲೆ ಇಟ್ಟ ಮೀನಿನಲ್ಲಿ ಬಿಡಿ ಕೊಬ್ಬಿನಾಮ್ಲ ಮೆಲ್ಲಮೆಲ್ಲನೆ ಏರುತ್ತದೆ. ಒಣಮೀನಿನ ಮೈಮೇಲೆ ತುಕ್ಕಿನಂಥ ಹಳದಿ ಕಲೆ ಕಂಡರೆ, ಹಾಗೆ ಬಿಡುಗಡೆಯಾದ ಕೊಬ್ಬಿಗೆ ಗಾಳಿ ತಾಗಿ ಹಳಸಿದೆ ಎಂದರ್ಥ.

ತಟ್ಟೆಯಿಂದ ಬಾಯಿಗೆ ಬಂದರೆ, ದೊಡ್ಡವರಲ್ಲಿ ಕೊಬ್ಬಿನ ಜೀರ್ಣ ಬಾಯಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಜಠರದಲ್ಲಿ ಸ್ವಲ್ಪ. ಹಸುಗೂಸಿನ ಸ್ಥಿತಿ ಬೇರೆ. ಅದರ ಮೇದೋಜೀರಕ ಗ್ರಂಥಿ ಇನ್ನೂ ಬಲಿತಿರುವುದಿಲ್ಲ, ಆದರೆ ಆಹಾರದ ಶಕ್ತಿಯಲ್ಲಿ ಅರ್ಧದಷ್ಟು ಹಾಲಿನ ಕೊಬ್ಬಿನಿಂದಲೇ ಬರಬೇಕು. ಈ ಕೊರತೆಯನ್ನು ತುಂಬುವ ಲೈಪೇಸ್ ತಾಯಿಯ ಹಾಲಿನಲ್ಲೇ ಸೇರಿಬರುತ್ತದೆ. ಮಗುವಿನ ಕರುಳಿನಲ್ಲಿ ಪಿತ್ತರಸ ತಾಗಿದಾಗ ಅದು ಎಚ್ಚರಗೊಳ್ಳುತ್ತದೆ. ಊಟದ ಜತೆ ಅದನ್ನು ಅರಗಿಸುವ ಸಾಧನವನ್ನೂ ತಾಯಿ ಕೊಟ್ಟು ಕಳಿಸುತ್ತಾಳೆ. ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಯಲ್ಲಿರುವಂಥ ತಾಯಿಹಾಲಿನ ಬ್ಯಾಂಕುಗಳಲ್ಲಿ ದಾನದ ಹಾಲನ್ನು ಸೋಂಕು ತಗಲದಂತೆ ಕಾಯಿಸಿಡಬೇಕಾಗುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ವಿಧಾನದಲ್ಲಿ ಹಾಲು 62.5 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇರುತ್ತದೆ, ಅಷ್ಟರಲ್ಲಿ ಈ ಲೈಪೇಸ್ ನಿಷ್ಕ್ರಿಯವಾಗುತ್ತದೆ. ತಿಂಗಳು ತುಂಬದೆ ಹುಟ್ಟಿದ ಶಿಶುವಿಗೆ ದಾನದ ಹಾಲು ಜೀವ ಉಳಿಸುವ ವಸ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ಸಾಧ್ಯವಿರುವಲ್ಲೆಲ್ಲ ಸ್ವಂತ ತಾಯಿಯ ಹಸಿ ಹಾಲಿಗೇ ವೈದ್ಯರು ಮೊದಲ ಸ್ಥಾನ ಕೊಡುವುದಕ್ಕೆ ಇದೂ ಒಂದು ಕಾರಣ.

ದೊಡ್ಡವರಲ್ಲಿ ಮುಖ್ಯ ಕೆಲಸ ನಡೆಯುವುದು ಸಣ್ಣ ಕರುಳಿನ ಆರಂಭದಲ್ಲಿ. ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಪಾತ್ರೆಯ ಜಿಡ್ಡನ್ನು ಸಾಬೂನು ಬಿಡಿಸುವ ಹಾಗೆ. ಆ ಹನಿಗಳ ಮೇಲೆ ಮೇದೋಜೀರಕದ ಲೈಪೇಸ್ ಕೂತು ಮೂರು ಕೊಬ್ಬಿನಾಮ್ಲಗಳಲ್ಲಿ ಎರಡು ತುದಿಯವನ್ನು ಕತ್ತರಿಸುತ್ತದೆ, ನಡುವಿನದನ್ನು ಬಿಡುತ್ತದೆ. ಮೇದೋಜೀರಕದ ರಸ ಕೊಬ್ಬನ್ನು ಅರಗಿಸುತ್ತದೆಂದು ತೋರಿಸಿದವರು ಪ್ಯಾರಿಸಿನ ಕ್ಲಾಡ್ ಬರ್ನಾರ್, 1840ರ ದಶಕದಲ್ಲಿ. ಮೊಲದಲ್ಲಿ ಪಿತ್ತನಾಳ ಕರುಳಿಗೆ ಸೇರುವ ಜಾಗಕ್ಕೂ ಮೇದೋಜೀರಕದ ನಾಳ ಸೇರುವ ಜಾಗಕ್ಕೂ ಸಾಕಷ್ಟು ಅಂತರವಿದೆ. ಕೊಬ್ಬು ತಿನ್ನಿಸಿದ ಮೊಲದ ಕರುಳಿನ ದುಗ್ಧನಾಳಗಳು ಮೇದೋಜೀರಕದ ನಾಳ ಸೇರಿದ ಮೇಲಷ್ಟೇ ಹಾಲಿನಂತೆ ಬೆಳ್ಳಗಾಗಿದ್ದವು, ಅದಕ್ಕಿಂತ ಮೇಲೆ ಇಲ್ಲ. ಕೊಬ್ಬನ್ನು ಅರಗಿಸುವ ರಸ ಯಾವುದೆಂಬುದು ಆ ಬಿಳಿಯ ಗೆರೆಯಿಂದ ತೀರ್ಮಾನವಾಯಿತು.

ಕತ್ತರಿಸಿದ ತುಂಡುಗಳು ಕರುಳಿನ ಗೋಡೆಯೊಳಗೆ ಹೋಗಿ ಅಲ್ಲಿ ಮತ್ತೆ ಜೋಡಣೆಯಾಗುತ್ತವೆ, ಪ್ರೋಟೀನಿನ ಹೊದಿಕೆ ಹೊದ್ದ ಕೈಲೊಮೈಕ್ರಾನ್ ಎಂಬ ಕಣಗಳಾಗಿ ದುಗ್ಧನಾಳದ ಮೂಲಕ ರಕ್ತಕ್ಕೆ ಸೇರುತ್ತವೆ. ಚಿಕ್ಕ ಸರಪಳಿಯ ಕೊಬ್ಬಿನಾಮ್ಲಗಳಿಗೆ ಮಾತ್ರ ಈ ಸುತ್ತುದಾರಿ ಬೇಡ, ಅವು ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತವೆ. ತೆಂಗಿನೆಣ್ಣೆ ಎಷ್ಟು ತಿಂದರೂ ತೊಂದರೆಯಿಲ್ಲ ಎಂಬ ವಾದ ಹುಟ್ಟಿದ್ದು ಈ ಸಂಗತಿಯಿಂದ. ಅದರಲ್ಲಿ ಅರೆಪಾಲು ಮಾತ್ರ ನಿಜ. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ; ಅದು ನಡುವಿನ ಉದ್ದದ್ದು, ಬಹುಪಾಲು ಸುತ್ತುದಾರಿಯನ್ನೇ ಹಿಡಿಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನೂ ಏರಿಸುತ್ತದೆ. ನಿಜವಾಗಿ ನೇರ ದಾರಿ ಹಿಡಿಯುವ ಚಿಕ್ಕ ಆಮ್ಲಗಳು ಅದರಲ್ಲಿ ಏಳನೇ ಒಂದು ಪಾಲಿನಷ್ಟೂ ಇರಲಿಕ್ಕಿಲ್ಲ. ಒಗ್ಗರಣೆಗೆ ತೆಂಗಿನೆಣ್ಣೆ ಊರಿನ ರುಚಿ, ಔಷಧವಲ್ಲ.

ಮೇದೋಜೀರಕ ಕೆಟ್ಟರೆ ಏನಾಗುತ್ತದೆಂಬುದು ಕರಾವಳಿಗೆ ಹತ್ತಿರದ ವಿಷಯ. ಪಕ್ಕದ ಕೇರಳದಲ್ಲಿ ಡಾ. ಪಿ. ಜೆ. ಗೀವರ್ಗೀಸ್ ಅವರು ನೂರಾರು ರೋಗಿಗಳನ್ನು ವರ್ಷಗಟ್ಟಲೆ ನೋಡಿ ಬಣ್ಣಿಸಿದ ಒಂದು ಕಾಯಿಲೆಯಿದೆ: ಮದ್ಯ ಮುಟ್ಟದ ಮಕ್ಕಳಿಗೆ ಪದೇಪದೇ ಹೊಟ್ಟೆನೋವು, ಹರೆಯಕ್ಕೆ ಬರುವಷ್ಟರಲ್ಲಿ ಮೇದೋಜೀರಕದ ನಾಳದಲ್ಲಿ ಕಲ್ಲುಗಳು, ಅನಂತರ ಸಕ್ಕರೆ ಕಾಯಿಲೆ. ಬಹುಕಾಲ ಮರಗೆಣಸಿನ ಮೇಲೆ ತಪ್ಪು ಹೊರಿಸಿದ್ದರು. ಈ ಶತಮಾನದ ಆರಂಭದಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಸೇರಿದಂತೆ ಹಲವೆಡೆ ನಡೆದ ಸಂಶೋಧನೆಗಳು ಎಸ್‌ಪಿಐಎನ್‌ಕೆ1 ಎಂಬ ಜೀನಿನ ದೋಷವನ್ನು ಮುಂದಿಟ್ಟ ಮೇಲೆ ಗೆಣಸಿನ ವಾದ ದುರ್ಬಲವಾಯಿತು. ಗ್ರಂಥಿಯ ಸಾಮರ್ಥ್ಯದಲ್ಲಿ ನೂರಕ್ಕೆ ತೊಂಬತ್ತು ಭಾಗ ಹೋಗುವವರೆಗೂ ಕೊಬ್ಬಿನ ಜೀರ್ಣ ಹೇಗೋ ನಡೆದುಹೋಗುತ್ತದೆ. ಆಮೇಲೆ ಮಲ ಜಿಡ್ಡುಜಿಡ್ಡಾಗಿ ನೀರಿನಲ್ಲಿ ತೇಲುತ್ತದೆ, ಊಟ ಮಾಡಿದರೂ ಮೈಗೆ ಹತ್ತುವುದಿಲ್ಲ. ಎ, ಡಿ, ಇ, ಕೆ ವಿಟಮಿನ್ನುಗಳು ಕೊಬ್ಬಿನ ಜತೆಯೇ ಹೊರಹೋಗುತ್ತವೆ.

ಇದಕ್ಕೆ ಮದ್ದು ಕಿಣ್ವವನ್ನೇ ನುಂಗುವುದು. ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳಿಗೆ ಜಠರದ ಆಮ್ಲ ತಾಗದಂಥ ಲೇಪವಿರುತ್ತದೆ, ಆದ್ದರಿಂದ ಅವನ್ನು ಅಗಿಯಬಾರದು, ಪುಡಿಮಾಡಬಾರದು, ಊಟದ ನಡುವೆಯೇ ತೆಗೆದುಕೊಳ್ಳಬೇಕು. ಊಟ ಮುಗಿಸಿ ಗಂಟೆಯ ಮೇಲೆ ನುಂಗಿದ ಕ್ಯಾಪ್ಸೂಲು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಈ ಕಿಣ್ವ ಬರುವುದು ಹಂದಿಯ ಮೇದೋಜೀರಕದಿಂದ. ಮುಸ್ಲಿಮರೂ ಸಸ್ಯಾಹಾರಿಗಳೂ ಇರುವ ಊರುಗಳಲ್ಲಿ ಇದನ್ನು ಮುಚ್ಚಿಡದೆ ಹೇಳಬೇಕಾದ್ದು ವೈದ್ಯರ ಕರ್ತವ್ಯ. ಬದಲಿ ಇಲ್ಲದ ಔಷಧಕ್ಕೆ ಧರ್ಮದ ಆಕ್ಷೇಪವಿಲ್ಲವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ತಿಳಿದು ನುಂಗುವ ರೋಗಿ ಮದ್ದನ್ನು ನಡುವೆ ಬಿಡುವುದೂ ಕಡಿಮೆ.

ಕಿಣ್ವದ ಕೊರತೆಗಿಂತ ಭಯಂಕರವಾದದ್ದು ಅದು ತಪ್ಪು ಜಾಗದಲ್ಲಿ ಎಚ್ಚರಗೊಳ್ಳುವುದು. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡವಾದಾಗ, ಅಥವಾ ಮದ್ಯದಿಂದ, ಮೇದೋಜೀರಕದ ರಸ ಕರುಳಿಗೆ ಹೋಗದೆ ಗ್ರಂಥಿಯೊಳಗೇ ಕೆಲಸ ಶುರುಮಾಡುತ್ತದೆ. ಪ್ರೋಟೀನು ಕತ್ತರಿಸುವ ಕಿಣ್ವ ಗ್ರಂಥಿಯನ್ನು ತಿನ್ನುತ್ತದೆ, ಸೋರಿದ ಲೈಪೇಸ್ ಸುತ್ತಲಿನ ಕೊಬ್ಬನ್ನು ಕತ್ತರಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲ ದೇಹದ ಕ್ಯಾಲ್ಸಿಯಂ ಜತೆ ಸೇರಿ ಸಾಬೂನಾಗುತ್ತದೆ. ಇದು ಉಪಮೆಯಲ್ಲ. ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆದಾಗ ಹಳದಿ ಕೊಬ್ಬಿನ ಮೇಲೆ ಸುಣ್ಣದ ಚುಕ್ಕೆಗಳಂತೆ ಕಾಣುವ ಬಿಳಿ ತೇಪೆಗಳು ಅಕ್ಷರಶಃ ಸಾಬೂನೇ, ಶೆವ್ರೆಲ್ ಪಾತ್ರೆಯಲ್ಲಿ ಕಂಡ ಅದೇ ಕ್ರಿಯೆ. ಆ ಸಾಬೂನಿಗೆ ಹೋದ ಕ್ಯಾಲ್ಸಿಯಂನಿಂದಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದೂ ಉಂಟು. ರಕ್ತಕ್ಕೆ ಸೋರಿದ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಅದು ರೋಗ ಗುರುತಿಸುವ ಮೂರು ಆಧಾರಗಳಲ್ಲಿ ಒಂದು; ಉಳಿದೆರಡು ನೋವಿನ ಲಕ್ಷಣ ಮತ್ತು ಸ್ಕ್ಯಾನ್. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹೊಡೆಯುವ, ಮುಂದಕ್ಕೆ ಬಾಗಿ ಕೂತರೆ ತುಸು ಕಡಿಮೆಯಾಗುವ ನೋವು ಇದರದ್ದು. ಇಂಥ ನೋವಿಗೂ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಮಾತ್ರೆ ನುಂಗಿ ರಾತ್ರಿ ಕಳೆಯುವ ರೂಢಿ ಊರೂರಲ್ಲಿದೆ. ವಾಂತಿಯೂ ಜತೆಗಿದ್ದರೆ ಬೆಳಗಾಗುವವರೆಗೆ ಕಾಯುವುದು ತಪ್ಪು.

ರಕ್ತಕ್ಕೆ ಸೇರಿದ ಕೊಬ್ಬನ್ನು ಮತ್ತೆ ಕತ್ತರಿಸುವುದು ಲೈಪೊಪ್ರೋಟೀನ್ ಲೈಪೇಸ್. ಹೃದಯ, ಸ್ನಾಯು, ಕೊಬ್ಬಿನ ಪದರಗಳ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅದು ಅಂಟಿಕೊಂಡಿರುತ್ತದೆ. ಹಾದುಹೋಗುವ ಕೈಲೊಮೈಕ್ರಾನುಗಳಿಂದ ಕೊಬ್ಬನ್ನು ಬಿಡಿಸಿ ಒಳಗೆ ಕೊಡುತ್ತದೆ. ಇದರ ಸುಳಿವು ಸಿಕ್ಕಿದ್ದು 1943ರಲ್ಲಿ. ಕೊಬ್ಬು ತಿಂದ ನಾಯಿಯ ಹಾಲಿನಂಥ ರಕ್ತದ್ರವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚಿದ ಕೆಲಹೊತ್ತಿನಲ್ಲಿ ತಿಳಿಯಾದದ್ದನ್ನು ಪಾಲ್ ಹಾನ್ ಗಮನಿಸಿದರು. ಗೋಡೆಗೆ ಅಂಟಿದ್ದ ಕಿಣ್ವವನ್ನು ಹೆಪಾರಿನ್ ಬಿಡಿಸಿತ್ತು. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದವರು ದಶಲಕ್ಷಕ್ಕೆ ಒಬ್ಬರು. ಅವರಿಂದ ತೆಗೆದ ರಕ್ತದ ಕೊಳವೆಯನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಟ್ರೈಗ್ಲಿಸರೈಡ್ 1000 ಮಿಲಿಗ್ರಾಂ ದಾಟಿದಾಗ ಮೇದೋಜೀರಕದ ಉರಿಯೂತದ ಅಪಾಯ ಏರುತ್ತದೆ, ಮೈಮೇಲೆ ಹಳದಿ ಗುಳ್ಳೆಗಳು ಏಳುತ್ತವೆ. ಈ ಕೊರತೆಗಾಗಿ ಯುರೋಪ್ 2012ರಲ್ಲಿ ಒಪ್ಪಿಗೆ ಕೊಟ್ಟ ಗ್ಲೈಬೆರಾ ಪಾಶ್ಚಾತ್ಯ ಜಗತ್ತಿನ ಮೊದಲ ಜೀನ್ ಚಿಕಿತ್ಸೆ. ಹತ್ತು ಲಕ್ಷ ಯೂರೊ ಬೆಲೆಗೆ ಕೊಳ್ಳುವವರಿಲ್ಲದೆ 2017ರಲ್ಲಿ ಮರೆಯಾಯಿತು. ಇಂದಿಗೂ ಬಳಕೆಯಲ್ಲಿರುವ ಹಳೆಯ ದಾರಿ ಊಟದ ಕೊಬ್ಬನ್ನು ದಿನಕ್ಕೆ ಹದಿನೈದಿಪ್ಪತ್ತು ಗ್ರಾಂಗೆ ಇಳಿಸುವುದು, ಅಡುಗೆಗೆ ಚಿಕ್ಕ ಸರಪಳಿಯ ವಿಶೇಷ ಎಣ್ಣೆ ಬಳಸುವುದು.

ಹುಟ್ಟಿನ ಕೊರತೆ ಅಪರೂಪ. ಸಕ್ಕರೆ ಕಾಯಿಲೆಯಿಂದ ಬರುವ ಕೊರತೆ ಮನೆಮನೆಯದು. ಇನ್ಸುಲಿನ್ ಕೊಬ್ಬಿನ ಪದರದಲ್ಲಿ ಈ ಕಿಣ್ವವನ್ನು ಹೆಚ್ಚಿಸುತ್ತದೆ. ಇನ್ಸುಲಿನ್ ಮಾತು ನಡೆಯದಾದಾಗ ಟ್ರೈಗ್ಲಿಸರೈಡ್ ರಕ್ತದಲ್ಲೇ ಉಳಿಯುತ್ತದೆ. ಲ್ಯಾಬ್ ವರದಿಯಲ್ಲಿ ಆ ಅಂಕಿ ಕಂಡ ಕೂಡಲೇ ಮನೆಯಲ್ಲಿ ಮೊದಲು ನಿಲ್ಲುವುದು ಮೀನು ಮತ್ತು ತೆಂಗಿನಕಾಯಿ. ಅಂಕಿ ಹೇಳುವುದು ರಕ್ತದಲ್ಲಿ ಎಷ್ಟು ಕೊಬ್ಬು ನಿಂತಿದೆಯೆಂದು ಮಾತ್ರ, ಅದನ್ನು ಸಾಗಿಸಬೇಕಾದ ಕಿಣ್ವ ಯಾಕೆ ಸೋತಿದೆಯೆಂದಲ್ಲ. ಅನ್ನದ ರಾಶಿ, ಸಿಹಿ ಚಹಾ, ಮದ್ಯ, ಕೂತಲ್ಲೇ ಕೂರುವ ಕೆಲಸ ಇವು ಬದಲಾಗದೆ ಆ ಅಂಕಿ ಇಳಿಯುವುದಿಲ್ಲ.

ರಕ್ತದ ಕೊಬ್ಬನ್ನು ಒಳಗೆ ಕೊಡುವ ಈ ಕಿಣ್ವಕ್ಕೆ ತದ್ವಿರುದ್ಧ ಕೆಲಸ ಕೊಬ್ಬಿನ ಕೋಶದೊಳಗೆ ನಡೆಯುತ್ತದೆ. ಕೂಡಿಟ್ಟ ಕೊಬ್ಬನ್ನು ಹೊರಬಿಡುವ ಲೈಪೇಸುಗಳು ಅಲ್ಲಿವೆ. ಅವುಗಳಲ್ಲಿ ಮೊದಲ ಹೆಜ್ಜೆಯಿಡುವುದು 2004ರವರೆಗೂ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ರಂಜಾನಿನ ಉಪವಾಸದ ಸಂಜೆಯಾಗಲಿ ಏಕಾದಶಿಯ ಮರುದಿನ ಬೆಳಿಗ್ಗೆಯಾಗಲಿ, ಹೊಟ್ಟೆ ಖಾಲಿಯಾಗಿ ಇನ್ಸುಲಿನ್ ಇಳಿದಾಗ ಈ ಬಾಗಿಲು ತೆರೆದು ಹೃದಯಕ್ಕೂ ಸ್ನಾಯುವಿಗೂ ಕೊಬ್ಬಿನಾಮ್ಲ ಹರಿಯುತ್ತದೆ. ಆರೋಗ್ಯವಂತರಿಗೆ ಅದು ಸಹಜ. ಇನ್ಸುಲಿನ್ ಚುಚ್ಚುಮದ್ದಿನ ಮೇಲೇ ಬದುಕುವ ಮಕ್ಕಳು ಅದನ್ನು ಬಿಟ್ಟರೆ ಬಾಗಿಲು ಮುಚ್ಚುವವರೇ ಇಲ್ಲದಾಗಿ ಕೊಬ್ಬಿನಾಮ್ಲ ಪ್ರವಾಹವಾಗುತ್ತದೆ, ಯಕೃತ್ತು ಅದನ್ನು ಕೀಟೋನುಗಳಾಗಿಸಿ ರಕ್ತ ಆಮ್ಲೀಯವಾಗುತ್ತದೆ. ಉಸಿರಿಗೆ ಹಣ್ಣು ಕೊಳೆತ ವಾಸನೆ, ಏದುಸಿರು, ಮಂಪರು ಅದರ ಗುರುತು. ಒಳಬಂದ ಕೊಬ್ಬಿನಾಮ್ಲವನ್ನು ಉರಿಸುವ ಕಿಣ್ವಗಳಲ್ಲೂ ಹುಟ್ಟಿನ ದೋಷಗಳಿವೆ. ಅವುಗಳಲ್ಲಿ ಒಂದಾದ ಎಂಸಿಎಡಿ ಎಂಬ ಕಿಣ್ವದ ಕೊರತೆ ಯುರೋಪಿನವರಲ್ಲಿ ಹೆಚ್ಚು, ಭಾರತದಲ್ಲಿ ವಿರಳ. ಅಂಥ ಮಗು ಜ್ವರದಲ್ಲಿ ಒಂದು ರಾತ್ರಿ ಊಟ ಬಿಟ್ಟು ಮಲಗಿದರೆ ಏಳದಿರಬಹುದು. ಹಸಿವಾಗದಂತೆ ನೋಡಿಕೊಂಡರೆ ಸಾಮಾನ್ಯ ಮಗುವಿನಂತೆ ಬೆಳೆಯುತ್ತದೆ. ಹಿಂದೆ ಹೇಳಿದ ಚಿಕ್ಕ ಸರಪಳಿಯ ಎಣ್ಣೆ ಈ ಮಗುವಿಗೆ ಕೂಡದು. ಒಂದು ಕಿಣ್ವದ ಕೊರತೆಗೆ ಮದ್ದಾದ ಎಣ್ಣೆ ಇನ್ನೊಂದರ ಕೊರತೆಗೆ ವಿಷ.

ಕೊಬ್ಬಿನ ಬಳಗದ ಇನ್ನೊಂದು ವಸ್ತು ಕೊಲೆಸ್ಟರಾಲ್. ಅದು ತಯಾರಾಗುವ ದಾರಿಯಲ್ಲಿ ಎಚ್‌ಎಂಜಿ-ಕೊಎ ರಿಡಕ್ಟೇಸ್ ಎಂಬ ಕಿಣ್ವ ಮುಖ್ಯ ಕಾವಲುಗಾರ. ಟೋಕಿಯೊದ ಸಂಕ್ಯೊ ಕಂಪನಿಯಲ್ಲಿ ಅಕಿರಾ ಎಂಡೊ ಆರು ಸಾವಿರ ಬೂಷ್ಟುಗಳನ್ನು ಸೋಸಿ, 1973ರಲ್ಲಿ ಅಕ್ಕಿಯ ಮೇಲೆ ಸಿಕ್ಕಿದ್ದ ಒಂದು ಪೆನಿಸಿಲಿಯಂನಿಂದ ಈ ಕಿಣ್ವವನ್ನು ತಡೆಯುವ ವಸ್ತುವನ್ನು ಬೇರ್ಪಡಿಸಿದರು. ಸ್ಟಾಟಿನ್ ಎಂಬ ಈ ಬಗೆಯ ಮೊದಲ ಮಾತ್ರೆ ಲೊವಾಸ್ಟಾಟಿನ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಯಕೃತ್ತು ತಾನೇ ಕೊಲೆಸ್ಟರಾಲ್ ಮಾಡಲಾಗದಾಗ ರಕ್ತದ ಎಲ್‌ಡಿಎಲ್ ಹಿಡಿಯುವ ಕೈಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಕೈಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. 1978ರಲ್ಲಿ ಬೆಂಗಳೂರಿನಲ್ಲಿ ಪಪ್ಪಾಯದ ಕಿಣ್ವ ತೆಗೆಯುತ್ತ ಶುರುವಾದ ಬಯೋಕಾನ್, ಮುಂದೆ ಹುದುಗಿಸುವ ವಿದ್ಯೆಯ ಬಲದಿಂದ 2001ರಲ್ಲಿ ಲೊವಾಸ್ಟಾಟಿನ್ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದ ದೇಶಗಳವರಿಗಿಂತ ಐದಾರು ವರ್ಷ ಮುಂಚೆ ಆಗುತ್ತದೆಂದು ಹಲವು ದೇಶಗಳ ದೊಡ್ಡ ಅಧ್ಯಯನವೊಂದು ತೋರಿಸಿದೆ. ನೆರೆಮನೆಯವರ ಮಾತು ಕೇಳಿ ಸ್ಟಾಟಿನ್ ಬಿಡುವವರು ಈ ಲೆಕ್ಕವನ್ನು ನೆನಪಿಡಬೇಕು.

ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಣದ ಮೇಲೆ ಕೆಲಸ ಮಾಡುವ ಎಲ್‌ಸಿಎಟಿ ಎಂಬ ಇನ್ನೊಂದು ಕಿಣ್ವದ ಅರೆಕೊರತೆಗೆ ವೈದ್ಯರು ಇಟ್ಟ ಹೆಸರು ಮೀನುಗಣ್ಣಿನ ರೋಗ. ಸ್ವೀಡನ್ನಿನಲ್ಲಿ ಮೊದಲು ಕಂಡ ಆ ರೋಗಿಗಳ ಕಣ್ಣು ಬೇಯಿಸಿದ ಮೀನಿನ ಕಣ್ಣಿನಂತೆ ಮಸುಕಾಗಿತ್ತು. ಸಾರಿನ ಬೋಗುಣಿ ನೋಡಿದ ಯಾರಿಗೂ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಲೈಪೇಸುಗಳ ಬಳಗದ ಇನ್ನೊಂದು ಕಿಣ್ವ ಫಾಸ್ಫೊಲೈಪೇಸ್ ಎ2 ಕತ್ತರಿಸುವುದು ಕೂಡಿಟ್ಟ ಕೊಬ್ಬನ್ನಲ್ಲ, ಜೀವಕೋಶದ ಪೊರೆಯನ್ನು. ದೇಹದೊಳಗೆ ಹದವಾಗಿ ನಡೆದರೆ ಅದು ಪೊರೆಯಿಂದ ಅರಾಕಿಡೊನಿಕ್ ಆಮ್ಲವನ್ನು ಬಿಡಿಸಿಕೊಡುತ್ತದೆ. ಸೈಕ್ಲೊ-ಆಕ್ಸಿಜಿನೇಸ್ ಎಂಬ ಮತ್ತೊಂದು ಕಿಣ್ವ ಅದರಿಂದ ಜ್ವರ, ನೋವು, ಬಾವು ತರುವ ಪ್ರೊಸ್ಟಾಗ್ಲಾಂಡಿನ್ ಮಾಡುತ್ತದೆ. ಆಸ್ಪಿರಿನ್ ತಡೆಯುವುದು ಇದನ್ನೇ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು. ಬೂತಾಯಿಯ ಒಮೆಗಾ-3 ಆಮ್ಲಗಳು ಪೊರೆಯಲ್ಲಿ ಅರಾಕಿಡೊನಿಕ್ ಆಮ್ಲದ ಜಾಗ ಹಿಡಿಯುವುದರಿಂದ ಬಾವಿನ ತೀವ್ರತೆ ತಗ್ಗುತ್ತದೆ. ಅಂಗಡಿಯ ಮೀನೆಣ್ಣೆ ಕ್ಯಾಪ್ಸೂಲು ಸಾಮಾನ್ಯ ಜನರಲ್ಲಿ ಹೃದಯಾಘಾತ ತಡೆದ ಸ್ಪಷ್ಟ ಸಾಕ್ಷ್ಯವಿಲ್ಲ. ಮೀನು ಸಿಗುವ ಊರಿನಲ್ಲಿ ಅದಕ್ಕೆ ದುಡ್ಡು ಸುರಿಯಬೇಕಿಲ್ಲ.

ಇದೇ ಫಾಸ್ಫೊಲೈಪೇಸ್ ಹಾವಿನ ಹಲ್ಲಿನಿಂದ ಬಂದರೆ ಚಿತ್ರವೇ ಬೇರೆ. ಕಟ್ಟುಹಾವಿನ ವಿಷದಲ್ಲಿರುವ ಇದರ ಒಂದು ರೂಪ ನರದ ತುದಿಗಳನ್ನೇ ಹಾಳುಮಾಡುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಈ ಹಾವಿನ ಗಾಯ ನೋಯುವುದೇ ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದ ಜೋಲು, ಕೊನೆಗೆ ಉಸಿರು ನಿಲ್ಲುವುದು. ನರತುದಿ ಒಮ್ಮೆ ಹಾಳಾದ ಮೇಲೆ ಪ್ರತಿವಿಷ ಅದನ್ನು ಸರಿಮಾಡಲಾರದು. ಅದಕ್ಕೇ ನಾಟಿ ಮದ್ದಿನಲ್ಲಿ ಕಳೆಯುವ ಪ್ರತಿ ಗಂಟೆಯೂ ನಷ್ಟ. ಕೊಳಕುಮಂಡಲದ ವಿಷದಲ್ಲಿ ಇದು ಸ್ನಾಯುವನ್ನೂ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ತಡವಾಗಿಯಾದರೂ ಸರಿಯಾದ ಹೆಜ್ಜೆ.

ಕೊನೆಯದು ಜೀವಕೋಶದ ಕಸದ ತೊಟ್ಟಿ, ಲೈಸೊಸೋಮ್. ಸವೆದ ಪೊರೆಗಳ ಕೊಬ್ಬು ಅಲ್ಲಿ ಹತ್ತಾರು ಕಿಣ್ವಗಳ ಕೈದಾಟಿ ಒಡೆಯಬೇಕು. ಒಂದು ಕೈ ಇಲ್ಲದಿದ್ದರೂ ಕಸ ಅಲ್ಲೇ ರಾಶಿಬೀಳುತ್ತದೆ. 1882ರಲ್ಲಿ ಫಿಲಿಪ್ ಗೋಶೆ ಬಣ್ಣಿಸಿದ ಕಾಯಿಲೆಯಲ್ಲಿ ಗುಲ್ಮ ಹೊಟ್ಟೆಯ ಅರ್ಧ ತುಂಬುವಷ್ಟು ಬೆಳೆಯುತ್ತದೆ, ಮೂಳೆ ನೋಯುತ್ತದೆ, ರಕ್ತ ಕಡಿಮೆಯಾಗುತ್ತದೆ. ಕಾಣೆಯಾದ ಕಿಣ್ವ ಯಾವುದೆಂದು ಅಮೆರಿಕದ ರಾಸ್ಕೊ ಬ್ರೇಡಿ ಗುರುತಿಸಿದ್ದು 1965ರಲ್ಲಿ. ಆ ಕಿಣ್ವವನ್ನು ಹೆರಿಗೆಯ ಕಸದಿಂದ ತೆಗೆದು ಮದ್ದಾಗಿಸಿದ್ದು 1991ರಲ್ಲಿ; ಒಬ್ಬ ರೋಗಿಯ ಒಂದು ವರ್ಷದ ಮದ್ದಿಗೆ ಸಾವಿರಾರು ಕಸಗಳು ಬೇಕಾಗುತ್ತಿದ್ದವು. ಈಗ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ಪಡೆಯುತ್ತಾರೆ.

ಇಂಥ ಕಾಯಿಲೆಗಳಿಗೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನು ಬರಬೇಕು. ಸೋದರಮಾವ, ಅತ್ತೆಮಗ, ಮಾವನ ಮಗಳಂಥ ಹತ್ತಿರದ ಸಂಬಂಧಿಗಳ ಜತೆಗಿನ ಮದುವೆಗಳಲ್ಲಿ ಆ ಸಾಧ್ಯತೆ ಹೆಚ್ಚು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಇಂದಿಗೂ ಸಂಬಂಧದೊಳಗಿನದು. ನವಜಾತ ಶಿಶುಗಳ ರಕ್ತ ಪರೀಕ್ಷೆಯನ್ನು ದೇಶದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ ಕರ್ನಾಟಕವೇ, 1980ರಲ್ಲಿ. ಆಗ ನೋಡಿದ್ದು ಅಮೈನೊ ಆಮ್ಲಗಳ ದೋಷಗಳನ್ನು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ರಾಜ್ಯದ ಮಟ್ಟಿಗೆ ಅದರ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಮಗು ಬೆಳೆದಂತೆ ಮದ್ದಿನ ಪ್ರಮಾಣವೂ ಬೆಳೆಯುತ್ತದೆ, ಜೀವನವಿಡೀ ಬೇಕು. ಆ ಮೊತ್ತ ಕೆಲವೇ ವರ್ಷಗಳಲ್ಲಿ ತೀರುತ್ತದೆ. ಈ ಮಿತಿಯನ್ನು ತೆಗೆಯದೆ ನೀತಿ ಪೂರ್ಣವಾಗುವುದಿಲ್ಲ.

ಮಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ವರ್ಷಗಳ ಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ಈ ನಗರದ್ದೇ ಆಗಿತ್ತು. ಮಗುವಿನ ಗುಲ್ಮ ಊದಿದರೆ ಮೊದಲು ಮಲೇರಿಯಾ ನೆನಪಾಗುವುದು ಸಹಜ, ಮೊದಲು ನೋಡಬೇಕಾದದ್ದೂ ಅದನ್ನೇ. ಆದರೆ ರಕ್ತದ ಲೇಪನದಲ್ಲಿ ಮಲೇರಿಯಾ ಕಾಣದೆ, ಜ್ವರವೂ ಇಲ್ಲದೆ, ಗುಲ್ಮ ತಿಂಗಳುಗಟ್ಟಲೆ ಊದಿಕೊಂಡೇ ಇದ್ದರೆ ಗೋಶೆಯ ಕಿಣ್ವವನ್ನು ಅಳೆಸಬೇಕು. ಅದಕ್ಕೆ ಮಗುವನ್ನು ಬೆಂಗಳೂರಿಗೆ ಹೊತ್ತೊಯ್ಯಬೇಕಾಗಿಲ್ಲ. ಸೋಸುಕಾಗದದ ಮೇಲೆ ಒಣಗಿಸಿದ ಕೆಲವು ಹನಿ ರಕ್ತ ಲಕೋಟೆಯಲ್ಲಿ ಹೋದರೆ ಸಾಕು.